ತವರದ ತವರು ಕಾರ್ನ್‌ವಾಲ್

ಇಂಗ್ಲೆಂಡಿನ ಭೂಪಟವನ್ನು ಬಿಡಿಸಿ ನೋಡಿ. ನೈಋತ್ಯ ಮೂಲೆಯಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಕಾಲು ಚಾಚಿದಂತೆ ಕಾಣುವ ನೆಲವೇ ಕಾರ್ನ್‌ವಾಲ್ ಕೌಂಟಿ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದಂತೆ. ಉತ್ತರ ಮತ್ತು ಪಶ್ಚಿಮಕ್ಕೆ ಅಟ್ಲಾಂಟಿಕ್, ದಕ್ಷಿಣಕ್ಕೆ ಇಂಗ್ಲಿಷ್ ಕಡಲ್ಗಾಲುವೆ, ಪೂರ್ವಕ್ಕೆ ಟೇಮರ್ ನದಿ. ಎಲ್ಲಿ ನಿಂತರೂ ಕಡಲು 30 ಕಿ.ಮೀ.ಗಿಂತ ದೂರವಿಲ್ಲ. ವಿಸ್ತೀರ್ಣ ಸುಮಾರು 3,560 ಚದರ ಕಿ.ಮೀ. ಅಂದರೆ ಹತ್ತಿರ ಹತ್ತಿರ ನಮ್ಮ ಉಡುಪಿ ಜಿಲ್ಲೆಯಷ್ಟು. ಆದರೆ ಜನಸಂಖ್ಯೆ ಅದರ ಅರ್ಧದಷ್ಟೇ. 2021ರ ಜನಗಣತಿಯ ಪ್ರಕಾರ ಸುಮಾರು 5 ಲಕ್ಷ 70 ಸಾವಿರ. ಇಷ್ಟು ಪುಟ್ಟ ನಾಡಿನ ಹೆಸರು ಜಗತ್ತಿನ ಗಣಿಗಳಲ್ಲೆಲ್ಲ ಕೇಳಿಬಂದಿತೆಂದರೆ ಆಶ್ಚರ್ಯವಲ್ಲವೆ? ನಮ್ಮ ಕೋಲಾರದ ಚಿನ್ನದ ಗಣಿಗೂ ಅದರ ನಂಟು ಇದೆ!

ಈ ಕಥೆ ಶುರುವಾಗುವುದು ನೆಲದಡಿಯಲ್ಲಿ. ಸುಮಾರು 28 ಕೋಟಿ ವರ್ಷಗಳ ಹಿಂದೆ ಭೂಗರ್ಭದ ಕರಗಿದ ಶಿಲೆ ಮೇಲೆದ್ದು, ತಣಿದು, ಗ್ರಾನೈಟ್ ಆಯಿತು. ಬಂಡೆಗಳ ಬಿರುಕುಗಳಲ್ಲಿ ಹರಿದ ಬಿಸಿ ದ್ರವಗಳು ತವರ ಮತ್ತು ತಾಮ್ರದ ಅದಿರನ್ನು ಅಲ್ಲಲ್ಲಿ ಉಳಿಸಿ ಹೋದವು. ತಾಮ್ರಕ್ಕೆ ತವರ ಬೆರೆಸಿದರೆ ಕಂಚು. ತಾಮ್ರ ಹಲವೆಡೆ ಸಿಗುತ್ತಿತ್ತು, ತವರ ಮಾತ್ರ ಅಪರೂಪ. ಹೀಗಾಗಿ ಸುಮಾರು 4,000 ವರ್ಷಗಳ ಹಿಂದೆ, ಕಂಚಿನ ಯುಗದಲ್ಲಿಯೇ ಕಾರ್ನ್‌ವಾಲಿನ ತವರಕ್ಕೆ ಬೇಡಿಕೆ ಇತ್ತು.

ಗಣಿ ಆಳವಾದಂತೆ ನೀರು ತುಂಬತೊಡಗಿತು. ನೀರೆತ್ತಲು ಉಗಿಯಂತ್ರ ಬೇಕು, ಯಂತ್ರಕ್ಕೆ ಕಲ್ಲಿದ್ದಲು ಬೇಕು. ಕಲ್ಲಿದ್ದಲು ಕಾರ್ನ್‌ವಾಲಿನಲ್ಲಿ ಇಲ್ಲ. ವೇಲ್ಸಿನಿಂದ ಹಡಗಿನಲ್ಲಿ ತರಬೇಕು. ಆದ್ದರಿಂದ ಕಡಿಮೆ ಇದ್ದಲಿನಲ್ಲಿ ಹೆಚ್ಚು ಕೆಲಸ ಮಾಡುವ ಯಂತ್ರಕ್ಕಾಗಿ ಅಲ್ಲಿನವರು ತಲೆ ಓಡಿಸಿದರು. ಗಣಿ ನಾಡಿನಲ್ಲೇ 1771ರಲ್ಲಿ ಹುಟ್ಟಿದ ರಿಚರ್ಡ್ ಟ್ರೆವಿಥಿಕ್ ಹೆಚ್ಚು ಒತ್ತಡದ ಉಗಿಯಂತ್ರ ರೂಪಿಸಿದ. 1804ರಲ್ಲಿ ವೇಲ್ಸಿನಲ್ಲಿ ಅವನ ಉಗಿಬಂಡಿ ಹಳಿಗಳ ಮೇಲೆ ಓಡಿತು. ರೈಲಿನ ಚರಿತ್ರೆಯ ಮೊದಲ ಪುಟ ಅದು. ಗಣಿಗಳಲ್ಲಿ ಕಾರ್ಮಿಕರ ಪ್ರಾಣ ಕಾಯುವ ದೀಪವನ್ನು 1815ರಲ್ಲಿ ತಯಾರಿಸಿದ ಹಂಫ್ರಿ ಡೇವಿಯೂ ಇದೇ ಕೌಂಟಿಯ ಪೆನ್‌ಜಾನ್ಸ್ ಊರಿನವನು. ಕೊರತೆಯೇ ಕೌಶಲವನ್ನು ಕಲಿಸಿತು ಎನ್ನಬಹುದು.

19ನೇ ಶತಮಾನದ ಮೊದಲ ಭಾಗದಲ್ಲಿ ಜಗತ್ತಿನ ತಾಮ್ರದಲ್ಲಿ ಬಹುಪಾಲು ಇಲ್ಲಿಂದ ಮತ್ತು ನೆರೆಯ ಪಶ್ಚಿಮ ಡೆವನ್‌ನಿಂದ ಬರುತ್ತಿತ್ತು. ಲೆವಾಂಟ್ ಎಂಬ ಗಣಿಯ ಸುರಂಗಗಳಂತೂ ಕಡಲ ತಳದಡಿಯಲ್ಲಿ ಒಂದೂವರೆ ಕಿ.ಮೀ.ಗೂ ಹೆಚ್ಚು ದೂರ ಸಾಗಿದ್ದವು. ಕೆಲಸ ಸುಲಭದ್ದಲ್ಲ. 1919ರಲ್ಲಿ ಅಲ್ಲಿ ಕಾರ್ಮಿಕರನ್ನು ಮೇಲೆ ಕೆಳಗೆ ಸಾಗಿಸುವ ಯಂತ್ರ ಕುಸಿದು 31 ಮಂದಿ ಸತ್ತರು.

ಸುಗ್ಗಿ ಹೆಚ್ಚು ಕಾಲ ನಡೆಯಲಿಲ್ಲ. ಹೊರದೇಶಗಳಲ್ಲಿ ಅಗ್ಗವಾಗಿ ತಾಮ್ರ ಸಿಗತೊಡಗಿ, 1866ರಲ್ಲಿ ಬೆಲೆ ಕುಸಿಯಿತು. ಮುಂದೆ ಮಲಯ, ಆಸ್ಟ್ರೇಲಿಯಗಳ ತವರವೂ ಪೈಪೋಟಿಗೆ ಬಂತು. ಗಣಿಗಳು ಒಂದೊಂದಾಗಿ ಮುಚ್ಚಿದವು. ಗಂಡಸರು ಗಂಟುಮೂಟೆ ಕಟ್ಟಿದರು. ಅಮೆರಿಕ, ಮೆಕ್ಸಿಕೊ, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ ಹೀಗೆ ಅದಿರು ಇದ್ದಲ್ಲೆಲ್ಲ ಹೋದರು. ಅವರಿಗೆ 'ಕಸಿನ್ ಜಾಕ್' ಎಂಬ ಅಡ್ಡಹೆಸರೇ ಬಿತ್ತು. ಊರಲ್ಲಿ ಉಳಿದ ಹೆಂಗಸರು, ಮಕ್ಕಳು ಅವರು ಕಳಿಸುವ ಹಣಕ್ಕೆ ದಾರಿ ಕಾಯುತ್ತಿದ್ದರು.

ಕೋಲಾರದ ಗಣಿಗೂ ಅವರು ಬಂದದ್ದು ಆಗಲೇ. ಕಾರ್ನ್‌ವಾಲಿನ ಗಣಿಗಳನ್ನು ನಡೆಸಿ ಪಳಗಿದ್ದ ಜಾನ್ ಟೇಲರ್ ಮನೆತನದ ಕಂಪೆನಿ 1880ರ ಸುಮಾರಿಗೆ ಕೋಲಾರದಲ್ಲಿ ಕೆಲಸ ಆರಂಭಿಸಿತು. ಅಲ್ಲಿನ ಅನುಭವಸ್ಥರನ್ನು ಇಲ್ಲಿಗೆ ಕರೆಸಿಕೊಂಡಿತು. ಅವರು ಮೇಲ್ವಿಚಾರಣೆ ಮಾಡಿದರೆ, ನೆಲದಡಿ ಬೆವರು ಹರಿಸಿದವರು ತಮಿಳು, ತೆಲುಗು, ಕನ್ನಡ ಮಾತನಾಡುವ ಸಾವಿರಾರು ಕಾರ್ಮಿಕರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಮೊದಲು ಹರಿದದ್ದೂ ಈ ಗಣಿಗಳಿಗೇ.

ಗಣಿಯ ಹೊರತು ಕಾರ್ನ್‌ವಾಲಿಗೆ ಬೇರೆ ಬದುಕೂ ಇತ್ತು. ನ್ಯೂಲಿನ್ ಮುಂತಾದ ಬಂದರುಗಳಲ್ಲಿ ಮೀನುಗಾರಿಕೆ ಇಂದಿಗೂ ನಡೆಯುತ್ತಿದೆ. ಸೇಂಟ್ ಆಸ್ಟೆಲ್ ಸುತ್ತಮುತ್ತ ಪಿಂಗಾಣಿಗೂ ಕಾಗದಕ್ಕೂ ಬೇಕಾದ ಬಿಳಿ ಜೇಡಿಮಣ್ಣು ಸಿಗುತ್ತದೆ. ಸಾಗರದ ಬೆಚ್ಚನೆಯ ಪ್ರವಾಹದಿಂದ ಚಳಿ ಕಡಿಮೆ. ಹೀಗಾಗಿ ಇಂಗ್ಲೆಂಡಿನ ಉಳಿದೆಡೆಗಿಂತ ಮುಂಚೆಯೇ ಇಲ್ಲಿ ಡ್ಯಾಫೊಡಿಲ್ ಹೂ ಅರಳಿ ಪೇಟೆಗೆ ಹೋಗುತ್ತದೆ. 1859ರಲ್ಲಿ ಬ್ರುನೆಲ್ ಎಂಬ ಎಂಜಿನಿಯರ್ ಟೇಮರ್ ನದಿಗೆ ರೈಲು ಸೇತುವೆ ಕಟ್ಟಿದ ಮೇಲೆ ಪ್ರವಾಸಿಗರು ಬರತೊಡಗಿದರು. ಕರಿಗಡುಬಿನ ಆಕಾರದ 'ಪಾಸ್ಟಿ' ಗಣಿ ಕಾರ್ಮಿಕರ ಬುತ್ತಿಯಾಗಿತ್ತು. ಈಗ ಅದು ಪ್ರವಾಸಿಗರ ತಿಂಡಿ.

ಕೊನೆಯ ತವರದ ಗಣಿ ಸೌತ್ ಕ್ರಾಫ್ಟಿ ಮುಚ್ಚಿದ್ದು 1998ರ ಮಾರ್ಚ್‌ನಲ್ಲಿ. ಕೋಲಾರದ ಚಿನ್ನದ ಗಣಿಗೆ ಬೀಗ ಬಿದ್ದದ್ದು 2001ರ ಫೆಬ್ರವರಿ 28ರಂದು. ಅದಾದ ಮೂರು ವಾರದೊಳಗೆ, ಮಾರ್ಚ್ 17ರಂದು, ಕಾರ್ನ್‌ವಾಲಿನಲ್ಲಿ ಬೇರೆಯೇ ಒಂದು ಬಾಗಿಲು ತೆರೆಯಿತು. ಬರಿದಾದ ಜೇಡಿಮಣ್ಣಿನ ಹೊಂಡವೊಂದರಲ್ಲಿ ದೊಡ್ಡ ಗುಮ್ಮಟಗಳನ್ನು ಕಟ್ಟಿ, ಒಳಗೆ ಬಾಳೆ, ಕಾಫಿ ಬೆಳೆದು, 'ಈಡನ್ ಪ್ರಾಜೆಕ್ಟ್' ಎಂಬ ಸಸ್ಯಲೋಕ ಮಾಡಿದರು. 2006ರಲ್ಲಿ ಹಳೆಯ ಗಣಿ ಪ್ರದೇಶಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಪಾಳುಬಿದ್ದ ಯಂತ್ರಗೃಹಗಳನ್ನು ನೋಡಲು ಈಗ ಜನ ಬರುತ್ತಾರೆ.

ಹಾಗೆಂದು ಎಲ್ಲವೂ ಸರಿಹೋಯಿತು ಎನ್ನುವಂತಿಲ್ಲ. ಪ್ರವಾಸೋದ್ಯಮದ ಕೆಲಸ ಬೇಸಗೆಗೆ ಹೆಚ್ಚು, ಚಳಿಗಾಲಕ್ಕೆ ಕಡಿಮೆ. ಕೂಲಿಯೂ ಅಷ್ಟಕ್ಕಷ್ಟೆ. ಹೊರಗಿನ ಹಣವಂತರು ರಜೆ ಕಳೆಯಲು ಮನೆ ಕೊಳ್ಳುವುದರಿಂದ ಊರಿನ ಯುವಕರಿಗೆ ಸೂರು ಸಿಗುವುದು ಕಷ್ಟ. ಅಂದು ಗಣಿ ಮುಚ್ಚಿ ಊರು ಬಿಟ್ಟವರಂತೆ, ಇಂದು ಮನೆ ಸಿಗದೆ ಬಿಡುವವರಿದ್ದಾರೆ. ಬ್ಯಾಟರಿಗಳಿಗೆ ಬೇಕಾದ ಲಿಥಿಯಂ ಅದೇ ಗ್ರಾನೈಟಿನಲ್ಲಿ ಪತ್ತೆಯಾಗಿರುವುದು ಹೊಸ ಆಸೆ ಹುಟ್ಟಿಸಿದೆ.

ನೆಲದ ಸಂಪತ್ತು ಒಂದಲ್ಲ ಒಂದು ದಿನ ತೀರುತ್ತದೆ. ಕಾರ್ನ್‌ವಾಲಿನವರನ್ನು ಕಡಲಾಚೆ ಕಾಪಾಡಿದ್ದು ಅವರು ಕಲಿತ ಕೆಲಸ. ಆದರೆ ಕಲಿತವರು ತಮ್ಮ ಊರಿನಲ್ಲೇ ಉಳಿದು ಬಾಳಬೇಕಾದರೆ, ಗಣಿ ಮುಚ್ಚುವ ಮೊದಲೇ ಮುಂದಿನ ಯೋಚನೆ ಮಾಡಿರಬೇಕು. ಕೋಲಾರ ಗಣಿಯ ಮಕ್ಕಳಿಗೆ ಈ ಪಾಠ ಹೊಸದೇನಲ್ಲ. ನಸುಕಿನಲ್ಲೇ ಎದ್ದು ಬೆಂಗಳೂರಿನ ರೈಲು ಹತ್ತುವ ಅಲ್ಲಿನ ಜನ ಅದನ್ನು ದಿನವೂ ಓದುತ್ತಿದ್ದಾರೆ.