ಮೂರು ವರ್ಷದ ಭಾನುವಾರಗಳು

ಮಕ್ಕಳೇ, ಈ ವಾರ ಒಂದು ಹಾಳೆ, ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ. ಅಜ್ಜ-ಅಜ್ಜಿಯರು ಕನ್ನಡಕ ಹಾಕಿಕೊಳ್ಳಲಿ. ಸಂಖ್ಯೆ ಸ್ವಲ್ಪ ಉದ್ದವಿದೆ:

14,75,73,95,25,89,67,64,12,927

67 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ 1 ಕಳೆದರೆ ಇದು ಸಿಗುತ್ತದೆ. ಇದರ ತಮ್ಮಂದಿರು ನಿಮಗೆ ಗೊತ್ತು. ಎರಡು ಎರಡುಗಳಿಗೆ 3, ಮೂರಕ್ಕೆ 7, ಐದಕ್ಕೆ 31, ಏಳಕ್ಕೆ 127. ಎಲ್ಲವೂ ಅವಿಭಾಜ್ಯ. ಹನ್ನೊಂದಕ್ಕೆ ಬಂದರೆ 2047, ಅದು ಕೈಕೊಡುತ್ತದೆ: 23 × 89.

1644ರಲ್ಲಿ ಫ್ರಾನ್ಸಿನ ಪಾದ್ರಿ ಮರ್ಸೆನ್ ಇಂಥವುಗಳಲ್ಲಿ ಅವಿಭಾಜ್ಯ ಯಾವುವು ಎಂದು ಒಂದು ಪಟ್ಟಿ ಕೊಟ್ಟರು. ನಮ್ಮ 67 ಎರಡುಗಳ ಸಂಖ್ಯೆಯೂ ಅದರಲ್ಲಿತ್ತು. 1876ರಲ್ಲಿ ಲೂಕಾ ಎಂಬ ಗಣಿತಜ್ಞರು ಇದು ಅವಿಭಾಜ್ಯ ಅಲ್ಲವೆಂದು ಸಾಧಿಸಿದರು. ತಮಾಷೆಯೆಂದರೆ, ಯಾವುದರಿಂದ ಭಾಗವಾಗುತ್ತದೆ ಎಂಬುದು ಅವರಿಗೂ ಗೊತ್ತಿರಲಿಲ್ಲ! ಬ್ಯಾಂಕಿನಲ್ಲಿ ದುಡಿದ ನನಗೆ ಇದು ವಿಚಿತ್ರ ಅನ್ನಿಸುವುದಿಲ್ಲ. ಸಂಜೆ ಲೆಕ್ಕ ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೆ ಎಂಬುದು ಖಚಿತ. ಯಾವ ಲೆಡ್ಜರಿನ ಯಾವ ಪುಟ ಎಂಬುದು ಮಾತ್ರ ರಾತ್ರಿ ಎಂಟಾದರೂ ಸಿಗುತ್ತಿರಲಿಲ್ಲ.

1903ರ ಅಕ್ಟೋಬರ್ 31. ನ್ಯೂಯಾರ್ಕಿನಲ್ಲಿ ಅಮೆರಿಕದ ಗಣಿತ ಸಂಘದ ಸಭೆ. ಫ್ರಾಂಕ್ ನೆಲ್ಸನ್ ಕೋಲ್ ಎದ್ದು ಬಂದರಂತೆ, ಬಾಯಿಬಿಡಲಿಲ್ಲವಂತೆ. ಹಲಗೆಯ ಒಂದು ಕಡೆ ಎರಡುಗಳನ್ನು ಗುಣಿಸಿ 1 ಕಳೆದರು. ಇನ್ನೊಂದು ಕಡೆ 19,37,07,721ನ್ನು 7,61,83,82,57,287ರಿಂದ ಗುಣಿಸಿದರು. ಎರಡೂ ಕಡೆ ಒಂದೇ ಉತ್ತರ. ಸುಮ್ಮನೆ ಹೋಗಿ ಕುಳಿತರು, ಸಭೆ ಚಪ್ಪಾಳೆ ತಟ್ಟಿತು. ಇದಕ್ಕೆ ಎಷ್ಟು ದಿನ ಹಿಡಿಯಿತು ಎಂದು ಆಮೇಲೆ ಕೇಳಿದಾಗ, ಮೂರು ವರ್ಷದ ಭಾನುವಾರಗಳು ಅಂದರಂತೆ. ಕ್ಯಾಲ್ಕುಲೇಟರ್ ಇಲ್ಲದ ಕಾಲ ಅದು!

ಆದರೂ ಅವರು ಕುರುಡಾಗಿ ಹುಡುಕಬೇಕಿರಲಿಲ್ಲ. ಇದಕ್ಕೊಂದು ಗುಟ್ಟಿದೆ. 67ರ ಎರಡರಷ್ಟು 134. ಇದನ್ನು ಭಾಗಿಸುವ ಯಾವ ಸಂಖ್ಯೆಯೇ ಆಗಲಿ, ಅದನ್ನು 134ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. 2047ರಲ್ಲೇ ನೋಡಿ: 11ರ ಎರಡರಷ್ಟು 22; 23 ಅಂದರೆ 22+1, 89 ಅಂದರೆ 88+1.

ಕೋಲ್ ಲೆಕ್ಕವನ್ನು ನಾವೂ ಪರೀಕ್ಷಿಸೋಣ. ದೊಡ್ಡ ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡಿ: 109. ಮತ್ತೆ ಕೂಡಿದರೆ 10, ಮತ್ತೆ 1. ಇನ್ನೆರಡರಲ್ಲಿ ಮೊದಲನೆಯದು 37, 10, 1. ಎರಡನೆಯದು 64, 10, 1. ಒಂದೊಂದಲ ಒಂದು, ತಾಳೆಯಾಯಿತು. (ಇದನ್ನೇ ಪೂರ್ತಿ ನಂಬಬೇಡಿ. 45ನ್ನು 54 ಎಂದು ಬರೆದರೆ ಈ ಪರೀಕ್ಷೆಗೆ ಗೊತ್ತೇ ಆಗುವುದಿಲ್ಲ. ಗುಮಾಸ್ತರು ಹೆಚ್ಚಾಗಿ ಮಾಡುವ ತಪ್ಪೂ ಅದೇ.)

ಈಗ ನಿಮ್ಮ ಸರದಿ. 23 ಎರಡುಗಳನ್ನು ಗುಣಿಸಿ 1 ಕಳೆದರೆ 83,88,607. ಇದೂ ಅವಿಭಾಜ್ಯ ಅಲ್ಲ. ಮೇಲಿನ ಗುಟ್ಟು ಹಿಡಿದರೆ ಒಂದು ಅಪವರ್ತನ ಐದು ನಿಮಿಷದಲ್ಲಿ ಸಿಗುತ್ತದೆ, ಭಾನುವಾರದವರೆಗೆ ಕಾಯಬೇಕಿಲ್ಲ. ಅಜ್ಜನಿಗೆ ಮೊದಲು ಸಿಕ್ಕಿದರೆ ಅವರು ಹೇಳಕೂಡದು. ಉತ್ತರ ಮುಂದಿನ ವಾರ.