ಮನೆವಾರ್ತೆ: ಕೆಡದ ಕಡತ, ಓದಲು ಬಾರದ ಅಕ್ಷರ

ಕುಂದಗೋಳ ತಾಲೂಕಿನ ಕುಬಿಹಾಳದಿಂದ ವಾಚಕರೊಬ್ಬರು ಬರೆದ ಪತ್ರವು ಎರಡು ತಿಂಗಳ ಹಿಂದೆ ನಮ್ಮ ಕೈಸೇರಿತು. ತಮ್ಮ ತಾಯಿಯವರು ಹಾಡುತ್ತಿದ್ದ ಬೀಸುವ ಪದಗಳನ್ನು ಅವರು ಒಂದು ವಹಿಯಲ್ಲಿ ಬರೆದಿಟ್ಟು, 2006 ರಲ್ಲಿ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ‘ನುಡಿ’ಯಿಂದ ಬೆರಳಚ್ಚು ಮಾಡಿಸಿದ್ದರು. ಈಗ ತಾಯಿಯವರಿಲ್ಲ; ವಹಿಯೂ ಮಳೆಯ ಸೋರಿಕೆಗೆ ಸಿಕ್ಕು ಹಾಳಾಗಿದೆ. ಉಳಿದದ್ದು ಗಣಕದ ಕಡತವೊಂದೇ. ಅದನ್ನು ಮಗಳ ಹೊಸ ಯಂತ್ರದಲ್ಲಿ ತೆರೆದರೆ ಕನ್ನಡವೇ ಇಲ್ಲ. ಇಂಗ್ಲಿಷ ಅಕ್ಷರಗಳು, ಪೌಂಡಿನ ಗುರುತುಗಳು, ತಲೆಯ ಮೇಲೆ ಗೀಟುಳ್ಳ ಪರಕೀಯ ಚಿಹ್ನೆಗಳು. “ಕಡತವು ಕೆಟ್ಟುಹೋಯಿತೇ? ಅಳಿಸಿಬಿಡಲೇ?” ಎಂದು ಅವರ ಪ್ರಶ್ನೆ.

ಅಳಿಸಲಾಗದು. ನಮ್ಮ ಜಿಲ್ಲೆಯ ಹಳೆಯ ಮನೆಗಳಲ್ಲಿ ಮೋಡಿ ಲಿಪಿಯ ಕಾಗದಪತ್ರಗಳಿರುವದುಂಟು. ಮೊಮ್ಮಕ್ಕಳಿಗೆ ಓದಲು ಬಾರದೆಂದ ಮಾತ್ರಕ್ಕೆ ಕಾಗದವು ಕೆಟ್ಟಿತೆನ್ನಬಹುದೇ? ಇದೂ ಅದರಂತೆಯೇ.

ಕನ್ನಡ ಗಣಕ ಪರಿಷತ್ತಿನ ‘ನುಡಿ’, ಹಾಗೂ ‘ಬರಹ’ ಇವುಗಳ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ತುಂಡುಗಳನ್ನು ಕೂಡಿಸಿರುವರು. ದೊಡ್ಡ ‘ಪಿ’ ಅಕ್ಷರವೂ ಗೀಟುಳ್ಳ ‘ಎ’ ಅಕ್ಷರವೂ ಸೇರಿದರೆ ‘ಕ’ ಆಗುವದು. ಪೌಂಡಿನ ಗುರುತು ‘ನ’ಕಾರದ ಮೈಯಾಗುವದು. ಯಂತ್ರದಲ್ಲಿ ಆ ಫಾಂಟು ಇದ್ದರೆ ಕನ್ನಡ ಕಾಣುವದು. ಇಲ್ಲದಿದ್ದರೆ ಒಳಗಿನ ಇಂಗ್ಲಿಷ ಚಿಹ್ನೆಗಳೇ ಹೊರಬೀಳುವವು. ಯೂನಿಕೋಡಿನಲ್ಲಾದರೋ ಹಾಗಲ್ಲ. 1991 ರ ಅದರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳುಳ್ಳ ಸ್ವಂತ ಮನೆಯಿರುವದು.

ಔಷಧಕ್ಕಿಂತ ಮೊದಲು ರೋಗದ ಲಕ್ಷಣವನ್ನು ನೋಡಬೇಕು.

ಮೇಲೆ ಹೇಳಿದಂಥ ಚಿಹ್ನೆಗಳಿದ್ದರೆ ಹಳೆಯ ಫಾಂಟಿನ ಬರಹವೆಂದು ತಿಳಿಯಿರಿ. ಬರಿಯ ಚೌಕಗಳು ಕಂಡರೆ ಅಕ್ಷರಗಳು ಸರಿಯಾಗಿದ್ದು, ಅವನ್ನು ತೋರಿಸುವ ಕನ್ನಡ ಫಾಂಟು ಮಾತ್ರ ಇಲ್ಲವೆಂದು ಅರ್ಥ. ಗೀಟುಳ್ಳ ಚಿಕ್ಕ ‘ಎ’ಯೂ ಅದರ ಬೆನ್ನಿಗೆ ಪುಟ್ಟ ಎರಡು ಅಥವಾ ಮೂರರ ಅಂಕಿಯೂ ಮೇಲಿಂದ ಮೇಲೆ ಬಂದರೆ, ಅದು ಯೂನಿಕೋಡ್ ಬರಹವನ್ನು ಯಂತ್ರವು ತಪ್ಪಾಗಿ ಓದಿದ್ದು, ಕಡತವನ್ನು ಮತ್ತೆ ತೆರೆಯುವಾಗ ‘ಯುಟಿಎಫ್-8’ ಎಂಬುದನ್ನು ಆರಿಸಿದರೆ ಸಾಕು. ಆದರೆ ಅಕ್ಷರಗಳೇ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಡತದಲ್ಲಿ ಉಳಿದಿದ್ದರೆ, ಆ ಪ್ರತಿಯಲ್ಲಿ ಮೂಲವು ಅಳಿದುಹೋಗಿದೆ. ಬೇರೆ ಪ್ರತಿಯನ್ನು ಹುಡುಕತಕ್ಕದ್ದು.

ಇನ್ನು ಚಿಕಿತ್ಸೆ. ಮೊಟ್ಟಮೊದಲು ಕಡತದ ನಕಲು ಮಾಡಿ ಮೂಲವನ್ನು ಬೇರೆಡೆ ಇಡಿರಿ. ತೆರೆದ ಕಡತದಲ್ಲಿ ಏನನ್ನೂ ತಿದ್ದಬೇಡಿರಿ. ಯಂತ್ರವು ತಾನಾಗಿ ಕಾಗುಣಿತ ತಿದ್ದುವ ಏರ್ಪಾಡನ್ನು ನಿಲ್ಲಿಸಿರಿ. ನುಡಿಯಲ್ಲಿ ಚಿಕ್ಕ ‘ಕ್ಯೂ’ ಎಂದರೆ ‘ಡ’ಕಾರ, ದೊಡ್ಡ ‘ಕ್ಯೂ’ ಎಂದರೆ ‘ಕಿ’. ಯಂತ್ರವು ಉಪಕಾರವೆಂದು ಚಿಕ್ಕದನ್ನು ದೊಡ್ಡದು ಮಾಡಿದರೆ ಶಬ್ದವೇ ಕೆಡುವದು. ಆಮೇಲೆ ‘ನುಡಿ 01 ಇ’ಯಂಥ ಹಳೆಯ ಫಾಂಟನ್ನು ಯಂತ್ರದಲ್ಲಿ ಸ್ಥಾಪಿಸಿ, ಬರಹವನ್ನೆಲ್ಲ ಆರಿಸಿ, ಆ ಫಾಂಟನ್ನು ತೊಡಿಸಿರಿ. ಕನ್ನಡ ಕಂಡೊಡನೆ ಕೆಲಸ ಮುಗಿಯಿತೆನ್ನಬೇಡಿರಿ. ಇನ್ನೊಂದು ಯಂತ್ರದಲ್ಲಿ ಅದೇ ತೊಡಕು ಮರಳಿ ಬರುವದು. ಪರಿವರ್ತಕದ ಸಹಾಯದಿಂದ ಬರಹವನ್ನು ಯೂನಿಕೋಡಿಗೆ ತಂದು ಹೊಸ ಹೆಸರಿನಿಂದ ಉಳಿಸಿರಿ. ತರುವಾಯ ಸಾಲುಸಾಲಾಗಿ ಓದಿ ನೋಡಿರಿ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ಹಿಂದೆ ಬರುವದರಿಂದ ‘ಧರ್ಮ’, ‘ಸೂರ್ಯ’ದಂಥ ಶಬ್ದಗಳಲ್ಲಿ ವಿಶೇಷ ಲಕ್ಷ್ಯವಿರಲಿ. ಕೊನೆಗೆ ಕಾಗದದ ಮೇಲೆ ಒಂದು ಪ್ರತಿಯನ್ನು ಅಚ್ಚು ಹಾಕಿಸಿ ಪೆಟ್ಟಿಗೆಯಲ್ಲಿಡಿರಿ.

ಇದನ್ನೆಲ್ಲ ನಾವು ಕುಬಿಹಾಳಕ್ಕೆ ಆಗಲೇ ಬರೆದು ತಿಳಿಸಿದ್ದೆವು. ಈಚೆಗೆ ಅವರ ಉತ್ತರ ಬಂದಿದೆ. ಪದಗಳೆಲ್ಲ ದೊರೆತವಂತೆ. ಎರಡು ಶಬ್ದಗಳು ಮಾತ್ರ ಅರ್ಥವಾಗದಿರಲು, ಮಗಳು ಅವುಗಳನ್ನು ಸೋದರತ್ತೆಯ ಮುಂದೆ ಓದಿದಳಂತೆ. ಆ ಹಿರಿಯರು ಶಬ್ದವನ್ನು ಹೇಳುವದರ ಬದಲು ಪದವನ್ನೇ ಮೊದಲಿನಿಂದ ಹಾಡಿಬಿಟ್ಟರಂತೆ. ಯಾವ ಪರಿವರ್ತಕವೂ ತಿದ್ದಲಾರದ್ದು ಹಾಗೆ ತಿದ್ದಿತು. ಇಂಥ ಹಿರಿಯರು ಮನೆಯಲ್ಲಿರುವಾಗಲೇ ನಿಮ್ಮ ಹಳೆಯ ಕಡತಗಳನ್ನು ಒಮ್ಮೆ ತೆರೆದು ನೋಡಿರಿ.