ಕೊನೆಗೆ ಕೈ ಇಟ್ಟದ್ದು ಎಲ್ಲಿ?

ಮಳೆಗಾಲ ಬಂತೆಂದರೆ ಮಂಗಳೂರಿನ ಗ್ಯಾರೇಜುಗಳಿಗೆ ಬಿಡುವಿಲ್ಲ. ಕೊಟ್ಟಾರ ಚೌಕಿಯಲ್ಲೋ ಪಂಪ್‌ವೆಲ್‌ನಲ್ಲೋ ನಿಂತ ನೀರಿಗೆ ಕಾರು ಇಳಿಸಿ, ಇಂಜಿನ್ ನೀರು ಕುಡಿದರೆ ಕಥೆ ಮುಗಿದ ಹಾಗೆ. ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ ಅಲ್ವಾ? ಪಿಸ್ಟನ್ ಮೇಲೆ ಬರುವಾಗ ಕನೆಕ್ಟಿಂಗ್ ರಾಡ್ ಬಗ್ಗಬಹುದು. ಆಮೇಲೆ ಹೆಡ್ ಬಿಚ್ಚಬೇಕು, ಸಾವಿರಗಟ್ಟಲೆ ದುಡ್ಡು ಸುರಿಯಬೇಕು. ಇಷ್ಟೆಲ್ಲ ಆಗಿ ವಾಪಸ್ ಬಂದ ಗಾಡಿ ಐಡಲ್‌ನಲ್ಲಿ ನಡುಗಿದರೆ, ಪಿಕಪ್ ಇಲ್ಲದಿದ್ದರೆ ಎಂತ ಮಾಡುವುದು?

ದೊಡ್ಡ ರಿಪೇರಿ ಆದ ಮೇಲೆ ಬರುವ ತೊಂದರೆಯನ್ನು ಹುಡುಕುವುದೇ ಒಂದು ವಿದ್ಯೆ ಅಂತ ನಮ್ಮ ಅಭಿಪ್ರಾಯ. ಇಂಜಿನಿಯರಿಂಗ್ ಓದುವ ನಾವು ಅದನ್ನು ಕಲಿಯಬೇಕು, ಕಾಲೇಜು ಅದಕ್ಕೆ ಮಾರ್ಕ್ಸ್ ಕೊಡಬೇಕು. "ಅದು ಐಟಿಐ ಹುಡುಗರ ಕೆಲಸ ಮಾರಾಯ" ಅನ್ನುವವರು ನಮ್ಮ ಕ್ಲಾಸಿನಲ್ಲೇ ಇದ್ದಾರೆ. ಈ ಮಾತು ನಮಗೆ ಒಪ್ಪಿಗೆ ಇಲ್ಲ.

ಬಿಚ್ಚುವ ಮೊದಲು ಇಲ್ಲದ ತೊಂದರೆ ಜೋಡಿಸಿದ ಮೇಲೆ ಬಂದರೆ, ಮೊದಲು ಕೇಳಬೇಕಾದದ್ದು: ಕೊನೆಗೆ ಕೈ ಇಟ್ಟದ್ದು ಎಲ್ಲಿ? ಹೆಡ್ ತೆಗೆಯಲು ಏನೆಲ್ಲ ಕಳಚಿದರು ಅಂತ ಪಟ್ಟಿ ಮಾಡಿ. ವ್ಯಾಕ್ಯೂಮ್ ಪೈಪ್, ಸೆನ್ಸರ್ ಕನೆಕ್ಟರ್, ಅರ್ಥಿಂಗ್ ವೈರ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಟೈಮಿಂಗ್ ಚೈನ್. ಒಂದು ಪೈಪ್ ಸಿಕ್ಕಿಸಲು ಮರೆತರೂ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗಿ ಐಡಲ್ ಏರಿಳಿಯುತ್ತದೆ. ಇದನ್ನು ನೋಡಲು ಖರ್ಚಿಲ್ಲ, ಒಂದು ಟಾರ್ಚ್ ಸಾಕು. ಹಾಗಾಗಿ ಇದು ಮೊದಲು.

ಆಮೇಲೆ ಟೈಮಿಂಗ್. ಫೋರ್ ಸ್ಟ್ರೋಕ್ ಇಂಜಿನ್‌ನಲ್ಲಿ ಕ್ರ್ಯಾಂಕ್ 2 ಸುತ್ತು ತಿರುಗಿದರೆ ಕ್ಯಾಮ್ 1 ಸುತ್ತು, ಇದು ಎಲ್ಲರಿಗೂ ಬಾಯಿಪಾಠ. ಆದರೆ ಕ್ಯಾಮ್ ಸ್ಪ್ರಾಕೆಟ್‌ಗೆ 36 ಹಲ್ಲು ಇದೆ ಅಂತ ಇಟ್ಟುಕೊಳ್ಳಿ. ಚೈನ್ ಒಂದೇ ಹಲ್ಲು ತಪ್ಪಿ ಕೂತರೂ ಕ್ಯಾಮ್ 10 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ 20 ಡಿಗ್ರಿ ತಪ್ಪು! ಇಂಜಿನ್ ಸ್ಟಾರ್ಟ್ ಆಗಬಹುದು, ಆದರೆ ಸರಿಯಾಗಿ ಎಳೆಯುವುದಿಲ್ಲ. ಆಗ ಎಷ್ಟು ಪ್ಲಗ್ ಬದಲಿಸಿದರೂ ಪ್ರಯೋಜನ ಇಲ್ಲ.

ನಾಲ್ಕು ಸಿಲಿಂಡರಿನಲ್ಲಿ ಒಂದು ಕೆಲಸ ಮಾಡುತ್ತಿಲ್ಲ ಅಂತ ಅನಿಸಿದರೆ ಮೆಕ್ಯಾನಿಕ್ ಅಣ್ಣ ಒಂದೊಂದೇ ಇಂಜೆಕ್ಟರ್ ಕನೆಕ್ಟರ್ ತೆಗೆದು ಕಿವಿಗೊಟ್ಟು ಕೇಳುತ್ತಾರೆ. ಇಂಜಿನ್ ಇನ್ನಷ್ಟು ಸೊರಗಿದರೆ ಆ ಸಿಲಿಂಡರ್ ಸರಿ ಉಂಟು. ವ್ಯತ್ಯಾಸವೇ ಆಗದಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಸೀನಿಯರ್‌ಗಳ ಲ್ಯಾಬ್ ರೆಕಾರ್ಡ್ ತೆಗೆದು ನೋಡಿ, ಮೋರ್ಸ್ ಟೆಸ್ಟ್ ಅಂತ ಒಂದು ಪ್ರಯೋಗ ಸಿಗುತ್ತದೆ. ಒಂದೊಂದೇ ಸಿಲಿಂಡರ್ ಕಟ್ ಮಾಡಿ ಇಂಡಿಕೇಟೆಡ್ ಪವರ್ ಲೆಕ್ಕ ಹಾಕುವುದು. ಎರಡರಲ್ಲೂ ಇರುವುದು ಒಂದೇ ಯೋಚನೆ. ನಾವು ಅದರಿಂದ ಟೇಬಲ್ ತುಂಬಿಸುತ್ತೇವೆ, ಅವರು ರೋಗ ಹಿಡಿಯುತ್ತಾರೆ. ಆ ಸಿಲಿಂಡರಿನಲ್ಲಿ ಕಂಪ್ರೆಷನ್ ಕಡಿಮೆ ಇದ್ದರೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯುತ್ತಾರೆ. ಏರಿದರೆ ಸಂಶಯ ರಿಂಗ್ ಮೇಲೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ.

"ಈಗ ಎಲ್ಲ ಸ್ಕ್ಯಾನರ್ ಹೇಳ್ತದೆ" ಅಂತ ಕೆಲವರ ವಾದ. 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂದ ಮೇಲೆ ಸ್ಕ್ಯಾನರ್ ಇಲ್ಲದೆ ಕಷ್ಟ, ನಿಜ. ಆದರೆ ಪಿ0300 ಕೋಡ್ ಬಂದರೆ ಮಿಸ್‌ಫೈರ್ ಆಗುತ್ತಿದೆ ಅಂತ ಮಾತ್ರ ಗೊತ್ತಾಗುತ್ತದೆ. ಯಾಕೆ ಅಂತ ನಾವೇ ಹುಡುಕಬೇಕು.

ಊಹೆಯ ಮೇಲೆ ಪಾರ್ಟ್ ಬದಲಿಸುತ್ತಾ ಹೋದರೆ ಬಿಲ್ ಕಟ್ಟುವವರು ಗಾಡಿಯವರು. ಅದು ಬಾಡಿಗೆ ಟ್ಯಾಕ್ಸಿ ಆದರೆ ನಿಂತ ಪ್ರತಿ ದಿನ ದುಡಿಮೆ ಇಲ್ಲ, ಲೋನಿನ ಕಂತು ಮಾತ್ರ ನಿಲ್ಲುವುದಿಲ್ಲ. ಒಟ್ಟಿಗೆ ಮೂರು ಪಾರ್ಟ್ ಬದಲಿಸಿ ಗಾಡಿ ಸರಿಯಾದರೂ ಯಾವುದರಿಂದ ಸರಿಯಾಯಿತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಅನ್ನುವ ಶಿಸ್ತು ಇರಬೇಕಾದದ್ದು ಅದಕ್ಕೇ.

ಭಾಷೆಯ ವಿಷಯವೂ ಉಂಟು. "ಕದ್ರಿ ಕಡೆ ಏರು ಹತ್ತುವಾಗ ಎಳೆಯುದಿಲ್ಲ" ಅನ್ನುವುದು ಬೇರೆ, "ಸಿಗ್ನಲ್‌ನಲ್ಲಿ ನಿಂತಾಗ ಆಫ್ ಆಗ್ತದೆ" ಅನ್ನುವುದು ಬೇರೆ. ಮೊದಲನೆಯದು ಲೋಡ್ ಬಿದ್ದಾಗಿನ ತೊಂದರೆ, ಎರಡನೆಯದು ಐಡಲ್‌ನದ್ದು. ಅರ್ಧ ಪತ್ತೆ ಕೆಲಸ ಈ ಮಾತುಗಳಲ್ಲೇ ಇದೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾವು ಕನ್ನಡದಲ್ಲೋ ತುಳುವಿನಲ್ಲೋ ಇದನ್ನು ಕೇಳಿ ಅರ್ಥ ಮಾಡಿಕೊಳ್ಳಲು ಕಲಿಯದಿದ್ದರೆ ನಮ್ಮ ಡಿಗ್ರಿ ಈ ಊರಿಗೆ ಎಷ್ಟು ಉಪಯೋಗ?

ನಮ್ಮ ಬೇಡಿಕೆ ದೊಡ್ಡದಲ್ಲ. ಲ್ಯಾಬಿನ ಒಂದು ಇಂಜಿನ್‌ನಲ್ಲಿ ಬೇಕೆಂದೇ ಒಂದು ದೋಷ ಇಡಿ. ನಾಲ್ಕು ಜನರ ಬ್ಯಾಚಿಗೆ ಎರಡು ಗಂಟೆ ಕೊಡಿ. ಏನು ನೋಡಿದೆವು, ಯಾಕೆ ನೋಡಿದೆವು, ಏನು ಬದಲಾಯಿತು ಅಂತ ಬರೆಯುತ್ತೇವೆ. ಉತ್ತರ ಸಿಗದಿದ್ದರೂ ಹುಡುಕಿದ ಕ್ರಮಕ್ಕೆ ಮಾರ್ಕ್ಸ್ ಇರಲಿ. ವೈವಾಕ್ಕೆ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ದುಡಿದ ಮೆಕ್ಯಾನಿಕ್ ಒಬ್ಬರನ್ನು ಗೌರವಧನ ಕೊಟ್ಟು ಕರೆಸಿ. ಅವರು ಕೇಳುವ ಮೊದಲ ಪ್ರಶ್ನೆ ಯಾವುದು ಅಂತ ನಮಗೆ ಈಗಲೇ ಗೊತ್ತು.